ಮೊರಾಕ್ಕೊದ ಗಡಿ ಊರು ಫಿಗಿಗ್‌ಗೆ ಹೋಗುವುದು ಹೇಗೆ?

ಮೊರಾಕ್ಕೊದ ಪೂರ್ವ ತುದಿಯಲ್ಲಿ, ಮೂರು ದಿಕ್ಕಿನಲ್ಲಿಯೂ ಅಲ್ಜೀರಿಯಾದ ಗಡಿಯಿಂದ ಸುತ್ತುವರಿದಿರುವ ಫಿಗಿಗ್, ಖರ್ಜೂರದ ತೋಟಗಳ ನಡುವೆ ಬೆಳೆದ ಪುಟ್ಟ ಊರು. ಗಡಿಯಾಚೆಗಿನ ಬೆನಿ ಊನಿಫ್ ಕೆಲವೇ ಕಿಲೋಮೀಟರ್ ದೂರದಲ್ಲಿದ್ದು, ನಕ್ಷೆಯಲ್ಲಿ ಅಲ್ಲಿಗೆ ರಸ್ತೆಯೂ ಕಾಣುತ್ತದೆ. ಆದರೆ 1994ರಲ್ಲಿ ಮರಾಕೇಶ್‌ನ ಹೋಟೆಲೊಂದರ ಮೇಲೆ ದಾಳಿ ನಡೆದ ಬಳಿಕ ಎರಡೂ ದೇಶಗಳ ಸಂಬಂಧ ಕೆಟ್ಟು, ಈ ಭೂಗಡಿ ಮುಚ್ಚಿಹೋಯಿತು. ಆದ್ದರಿಂದ ಹೋದ ದಾರಿಯಲ್ಲೇ ಹಿಂದಿರುಗಬೇಕೆಂಬುದನ್ನು ಗಮನದಲ್ಲಿಟ್ಟುಕೊಂಡು ಪ್ರವಾಸದ ದಿನಗಳನ್ನು ಲೆಕ್ಕ ಹಾಕಬೇಕು.

ಮೊದಲ ಕೆಲಸ ವೀಸಾ. ಭಾರತೀಯ ಪಾಸ್‌ಪೋರ್ಟ್ ಇರುವವರು ಮೊರಾಕ್ಕೊದ ಅಧಿಕೃತ ಜಾಲತಾಣದಲ್ಲಿ ಇ-ವೀಸಾಕ್ಕೆ ಅರ್ಜಿ ಸಲ್ಲಿಸಬಹುದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ, ಖರ್ಜೂರದ ಕೊಯ್ಲು ನಡೆಯುವ ಶರತ್ಕಾಲವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಚಳಿಗಾಲವಾದರೆ ರಾತ್ರಿಗೆ ಉಣ್ಣೆಯ ಬಟ್ಟೆ ಬೇಕೇ ಬೇಕು.

ಕಾಸಾಬ್ಲಾಂಕಾದಿಂದ ಊಜ್ದಾ ನಗರಕ್ಕೆ ರೈಲೂ ವಿಮಾನವೂ ಇವೆ. ಅಲ್ಲಿಂದ ದಕ್ಷಿಣಕ್ಕೆ, ಬೂಅರ್ಫಾ ಪಟ್ಟಣದ ಮೂಲಕ, ಬಸ್ಸಿನಲ್ಲಿ ಸುಮಾರು 370 ಕಿಲೋಮೀಟರ್ ಸಾಗಬೇಕು. ದಾರಿಯುದ್ದಕ್ಕೂ ಬಯಲು ಬರಿದಾಗಿರುವುದರಿಂದ ನೀರು, ತಿಂಡಿ ಹಾಗೂ ಸಾಕಷ್ಟು ದಿರ್ಹಮ್ ನಗದನ್ನು ಊಜ್ದಾದಲ್ಲೇ ಹೊಂದಿಸಿಕೊಳ್ಳಿ. ಗಡಿ ಪ್ರದೇಶವಾದ್ದರಿಂದ ತಪಾಸಣೆಯ ವೇಳೆ ಪಾಸ್‌ಪೋರ್ಟ್ ಕೇಳಿ, ವೃತ್ತಿಯನ್ನೂ ಭೇಟಿಯ ಕಾರಣವನ್ನೂ ವಿಚಾರಿಸುವುದುಂಟು. ಪಾಸ್‌ಪೋರ್ಟಿನ ಕೆಲವು ಜೆರಾಕ್ಸ್ ಪ್ರತಿಗಳು ಕೈಯಲ್ಲಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಡ್ರೋನ್ ತರಲೇಬೇಡಿ, ಅನುಮತಿಯಿಲ್ಲದ ಡ್ರೋನನ್ನು ವಿಮಾನ ನಿಲ್ದಾಣದಲ್ಲೇ ವಶಪಡಿಸಿಕೊಳ್ಳುತ್ತಾರೆ. ಸೈನಿಕರು, ಪೊಲೀಸರು, ಕಾವಲು ಠಾಣೆಗಳ ಚಿತ್ರ ತೆಗೆಯುವಂತಿಲ್ಲ.

ಊರು ತಲುಪಿದ ಮೇಲೆ ಸ್ಥಳೀಯರೊಬ್ಬರ ಜೊತೆ ನಡೆದೇ ಸುತ್ತಬೇಕು. ಫಿಗಿಗ್ ಎಂದರೆ ಕ್ಸಾರ್ ಎಂದು ಕರೆಯಲಾಗುವ ಏಳು ಹಳೆಯ ವಸತಿಗಳ ಸಮೂಹ. ಇವುಗಳಲ್ಲಿ ಅತಿ ದೊಡ್ಡದಾದ ಝೆನಾಗಾ ಕೆಳಗಿನ ಬಯಲಿನಲ್ಲಿದೆ. ಉಳಿದವು ಕಡಿದಾದ ಏರಿನ ಮೇಲಿವೆ. ಮಣ್ಣಿನ ಇಟ್ಟಿಗೆಯ ಗೋಡೆಗಳು, ಖರ್ಜೂರದ ಮರದ ತೊಲೆಗಳು, ಬಿಸಿಲು ಒಳಬಾರದಂತೆ ಮೇಲೆ ಮುಚ್ಚಿದ ಓಣಿಗಳು ಇಲ್ಲಿಯ ವಿಶೇಷ. ಈ ಓಣಿಗಳು ಜನರ ಮನೆಯಂಗಳಕ್ಕೆ ಸಮ, ಆದ್ದರಿಂದ ಮೈ ಮುಚ್ಚುವ ಬಟ್ಟೆ ಧರಿಸಿ, ಮಹಿಳೆಯರ ಚಿತ್ರವನ್ನು ಕೇಳದೆ ತೆಗೆಯದೆ, ಎದುರಾದವರಿಗೆ ‘ಸಲಾಂ’ ಹೇಳಿ ಸಾಗುವುದು ಸೌಜನ್ಯ. ಇಲ್ಲಿಯವರ ಮನೆಮಾತು ಅಮಾಝಿಗ್ ಭಾಷೆಯಾದರೂ ಅರಬ್ಬಿ ಮತ್ತು ಫ್ರೆಂಚ್ ನಡೆಯುತ್ತವೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿನ ನೀರಿನ ವ್ಯವಸ್ಥೆಗೆ. ಚಿಲುಮೆಗಳ ನೀರು ನೆಲದಡಿಯ ಕಾಲುವೆಗಳಲ್ಲಿ ಹರಿದು, ಕೊಳಗಳಲ್ಲಿ ನಿಂತು, ಅಲ್ಲಿಂದ ತೋಟಗಳಿಗೆ ಹಂಚಿಕೆಯಾಗುತ್ತದೆ. ಬೀದರಿನ ಸುರಂಗ ಬಾವಿಯನ್ನು ಕಂಡವರಿಗೆ ಇದರ ಜಾಣ್ಮೆ ಸುಲಭವಾಗಿ ತಿಳಿಯುತ್ತದೆ. ಪ್ರತಿ ತೋಟದ ಪಾಲನ್ನು ‘ಖರ್ರೂಬಾ’ ಎಂಬ ಕಾಲಮಾನದಲ್ಲಿ, ಅಂದರೆ ಸುಮಾರು 45 ನಿಮಿಷಗಳ ಹರಿವಿನಲ್ಲಿ, ಎಣಿಸುತ್ತಾರೆ. ಹಿಂದೆ ಈ ಚಿಲುಮೆಗಳಿಗಾಗಿ ಕ್ಸಾರ್‌ಗಳ ನಡುವೆಯೇ ಕಾದಾಟಗಳು ನಡೆದಿದ್ದವು. 2023ರ ಕೊನೆಯಲ್ಲಿ ಕುಡಿಯುವ ನೀರಿನ ನಿರ್ವಹಣೆಯನ್ನು ಪ್ರಾದೇಶಿಕ ಕಂಪನಿಗೆ ಒಪ್ಪಿಸುವ ನಿರ್ಧಾರವಾದಾಗ, ಅದನ್ನು ವಿರೋಧಿಸಿ, ಹಾಯಿಕ್ ಎಂಬ ಬಿಳಿಯ ಮೇಲುಹೊದಿಕೆ ಹೊದ್ದ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. ಕಾಲುವೆಯ ಬದಿಯಲ್ಲಿ ನಡೆಯುವಾಗ ಮಣ್ಣಿನ ಒಡ್ಡನ್ನು ತುಳಿಯಬಾರದು, ಕೊಳದ ನೀರಿಗೆ ಕೇಳದೆ ಇಳಿಯಬಾರದು.

ತೋಟಗಳ ಅಂಚಿನಲ್ಲಿ ಒಬ್ಬರೇ ದೂರ ಹೋಗುವುದು ಬೇಡ. 2021ರ ಮಾರ್ಚ್‌ನಲ್ಲಿ ಅಲ್ಜೀರಿಯಾದ ಅಧಿಕಾರಿಗಳು, ಫಿಗಿಗ್‌ನ ರೈತರು ತಲೆಮಾರುಗಳಿಂದ ದುಡಿಯುತ್ತಿದ್ದ, ಗಡಿಯ ಅಲ್ಜೀರಿಯಾ ಬದಿಗೆ ಸೇರಿದ ಎಲ್ ಅರ್ಜಾ ಎಂಬಲ್ಲಿನ ಖರ್ಜೂರದ ತೋಟಗಳನ್ನು ತೆರವುಗೊಳಿಸುವಂತೆ ಆದೇಶಿಸಿದರು. ಆ ತೋಟಗಳನ್ನು ಕಳೆದುಕೊಂಡ ಕುಟುಂಬಗಳು ಊರಿನಲ್ಲೇ ಇವೆ. ಮಾತು ಅವರೇ ತೆಗೆದರೆ ಗೌರವದಿಂದ ಕೇಳಿಸಿಕೊಳ್ಳಿ; ಕೆದಕಿ ಕೇಳಬೇಡಿ.

ಖರೀದಿಗೆ ಇಲ್ಲಿನ ಹೆಸರುವಾಸಿ ‘ಅಝೀಝಾ’ ಖರ್ಜೂರವಿದೆ, ಉಣ್ಣೆಯಲ್ಲಿ ಕೈಯಿಂದ ನೇಯ್ದ ಬುರ್ನೂಸ್ ನಿಲುವಂಗಿಯೂ ಇದೆ. ನೇಯ್ಗೆಯ ಮನೆಯಿಂದಲೇ ಕೊಂಡರೆ ಹಣ ನೇರವಾಗಿ ನೇಕಾರರ ಕೈ ಸೇರುತ್ತದೆ. ಹಿಂದಿರುಗುವ ಬಸ್ಸಿನ ಸಮಯವನ್ನು ಊರಿಗೆ ಕಾಲಿಟ್ಟ ದಿನವೇ ಖಚಿತಪಡಿಸಿಕೊಂಡು, ಊಜ್ದಾದಿಂದ ಮುಂದಿನ ರೈಲಿಗೂ ವಿಮಾನಕ್ಕೂ ಒಂದು ದಿನದ ಅಂತರವಿಟ್ಟು ಟಿಕೆಟ್ ಕಾಯ್ದಿರಿಸಿ.