ನಮ್ಮ ಶಾಲೆಗೊಂದು ಚಿಟ್ಟೆ ಆರಿಸಿದ ಬಗೆ

ಕರ್ನಾಟಕಕ್ಕೆ ತನ್ನದೇ ಆದ ರಾಜ್ಯ ಚಿಟ್ಟೆ ಇದೆ ಎಂದು ಪಾಠದ ನಡುವೆ ಹೇಳಿದ್ದೇ ತಡ, ಒಂಬತ್ತನೇ ತರಗತಿ ಮಕ್ಕಳು ‘ಹಾಗಾದ್ರೆ ನಮ್ಮ ಶಾಲೆಗೂ ಒಂದು ಬೇಕು ಸರ್’ ಎಂದು ಪಟ್ಟು ಹಿಡಿದರು. ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಳೆ ಹಿಂದೆ ಸರಿದ ಮೇಲೆ ನಮ್ಮ ಕಡೆ ಚಿಟ್ಟೆಗೇನೂ ಬರವಿಲ್ಲ. ಯಾವುದನ್ನು ಬಿಡುವುದು ಅನ್ನುವುದೇ ಕಷ್ಟ.

ಉಳಿದವರು ಹೇಗೆ ಆರಿಸಿದ್ದಾರೆ ಅಂತ ಮೊದಲು ನೋಡಿದೆವು. 2015ರಲ್ಲಿ ಬ್ಲೂ ಮಾರ್ಮನ್ ಅನ್ನು ಆರಿಸಿಕೊಂಡ ಮಹಾರಾಷ್ಟ್ರವೇ ದೇಶದಲ್ಲಿ ಮೊದಲು. ಕೇರಳ 2018ರಲ್ಲಿ ಮಲಬಾರ್ ಬ್ಯಾಂಡೆಡ್ ಪೀಕಾಕ್ ಹಿಡಿಯಿತು, ತಮಿಳುನಾಡು 2019ರಲ್ಲಿ ತಮಿಳ್ ಯೋಮನ್. ನಮ್ಮ ರಾಜ್ಯದ್ದು ಸದರ್ನ್ ಬರ್ಡ್‌ವಿಂಗ್. ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್‌ವರೆಗೂ ಬರುತ್ತದೆ. ಹಿಂದಿನ ರೆಕ್ಕೆ ಅಚ್ಚ ಹಳದಿ, ಮೈಮೇಲೆ ಕೆಂಪು. ನಮ್ಮ ಬಾವುಟದ ಬಣ್ಣ, ಅಲ್ವಾ? ಪಶ್ಚಿಮ ಘಟ್ಟದ ಈ ಚಿಟ್ಟೆ ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಕೆಲವು ಗಿಡಗಳಲ್ಲಿ ಮಾತ್ರ ಮೊಟ್ಟೆ ಇಡುತ್ತದೆ. ಆ ಗಿಡಗಳಲ್ಲಿರುವ ವಿಷ ಹುಳುವಿನ ಮೈ ಸೇರುತ್ತದೆ. ಹಾಗಾಗಿ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ.

ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 2020ರಲ್ಲಿ ರಾಷ್ಟ್ರೀಯ ಚಿಟ್ಟೆಗಾಗಿ ನಡೆದ ಆನ್‌ಲೈನ್ ಮತದಾನ. ಚಿಟ್ಟೆ ತಿಳಿದವರು ಮೊದಲು ಏಳು ಚಿಟ್ಟೆಗಳನ್ನು ಆರಿಸಿ ಜನರ ಮುಂದೆ ಇಟ್ಟರು. 59,754 ಮತ ಬಿದ್ದವು. ಅವರು ಇಟ್ಟುಕೊಂಡಿದ್ದ ನಿಯಮಗಳು ಚೆನ್ನಾಗಿದ್ದವು: ಸುಲಭಕ್ಕೆ ಗುರುತು ಸಿಗಬೇಕು, ನೆನಪಲ್ಲಿ ಉಳಿಯಬೇಕು, ತೀರಾ ಎಲ್ಲೆಂದರಲ್ಲಿ ಕಾಣುವಂಥದ್ದು ಬೇಡ, ಹುಳುವಿನಿಂದ ತೊಂದರೆ ಆಗಬಾರದು, ಈಗಾಗಲೇ ಯಾವುದೋ ರಾಜ್ಯದ್ದಾಗಿರಬಾರದು. ಅವನ್ನೇ ತೆಗೆದುಕೊಂಡು ನಾನು ಇನ್ನೊಂದು ಸೇರಿಸಿದೆ. ಅದರ ಹುಳು ತಿನ್ನುವ ಗಿಡ ನಮ್ಮ ಶಾಲೆಯ ಆವರಣದಲ್ಲಿ ಇರಬೇಕು. ರೆಕ್ಕೆ ನೋಡಿ ಆರಿಸುವುದು ಯಾರಿಗೂ ಕಷ್ಟವಲ್ಲ. ಆದರೆ ಚಿಟ್ಟೆ ಆರಿಸುವುದು ಅಂದರೆ ಒಂದು ಗಿಡ ಆರಿಸುವುದು. ಗಿಡ ಇಲ್ಲದಿದ್ದರೆ ಗೋಡೆ ಮೇಲಿನ ಚಿತ್ರ ಅಷ್ಟೇ.

ಈ ಒಂದು ನಿಯಮದಿಂದ ಮಕ್ಕಳು ಆಕಾಶ ನೋಡುವುದು ಬಿಟ್ಟು ಎಲೆ ಮಗುಚಿ ನೋಡತೊಡಗಿದರು. ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್ ಹುಳು ಸಿಕ್ಕಿತು. ಕರಿಬೇವಿನಲ್ಲಿ ಕಾಮನ್ ಮಾರ್ಮನ್. ಇದರ ಹೆಣ್ಣುಗಳಲ್ಲಿ ಕೆಲವು ಥೇಟ್ ಕ್ರಿಮ್ಸನ್ ರೋಸ್ ಥರ ವೇಷ ಹಾಕುತ್ತವೆ. ಆ ವಿಷದ ಚಿಟ್ಟೆ ಅಂದುಕೊಂಡು ಹಕ್ಕಿ ಬಿಟ್ಟುಬಿಡಲಿ ಅಂತ. ಮಕ್ಕಳಿಗೆ ಇದು ಬಹಳ ಹಿಡಿಸಿತು. ಅರ್ಧ ತರಗತಿ ಮಾರ್ಮನ್ ಕಡೆ ವಾಲಿತು.

ಆಟದ ಮೈದಾನದ ಅಂಚಿನ ಹಳೇ ಮಾವಿನ ಮರದಲ್ಲಿ ಬಂದಳಿಕೆ ಹಬ್ಬಿದೆ. ಅದರ ಎಲೆಯ ಮೇಲೆ ಒಬ್ಬಳು ಹುಡುಗಿ ಹುಳುಗಳ ಗುಂಪನ್ನೇ ಕಂಡಳು. ಹಳದಿ ಮಿಶ್ರಿತ ಹಸಿರು ಮೈ, ಕಪ್ಪು ತಲೆ, ಉದ್ದನೆಯ ಬಿಳಿ ಕೂದಲು. ಎಲ್ಲ ಒಂದೇ ಕಡೆ ಮುಖ ಮಾಡಿ, ಊಟದ ಪಂಕ್ತಿಯಲ್ಲಿ ಕೂತವರ ಹಾಗೆ ಎಲೆಯ ಅಂಚನ್ನು ಮೇಯುತ್ತಿದ್ದವು. ಕೊಂಬೆ ಅಲುಗಾಡಿಸಿದರೆ ಒಂದೆರಡು ಸಣ್ಣ ನೂಲು ಬಿಟ್ಟು ಕೆಳಗೆ ತೂಗಿದವು. ಇದು ಕಾಮನ್ ಜೆಜೆಬೆಲ್. ಆ ರಾಷ್ಟ್ರೀಯ ಪಟ್ಟಿಯ ಏಳರಲ್ಲಿ ಇದೂ ಇತ್ತು. ಚಿಟ್ಟೆಯಾದ ಮೇಲೆ ಮೇಲ್ಭಾಗ ಬರೀ ಬಿಳಿ, ಕಪ್ಪು ಗೆರೆ. ರೆಕ್ಕೆ ಮಡಚಿ ಕೂತಾಗಲೇ ಅದರ ಚಂದ ನೋಡಬೇಕು: ಹಿಂದಿನ ರೆಕ್ಕೆಯ ಕೆಳಭಾಗ ಪೂರ್ತಿ ಹಳದಿ, ಅಂಚಿನಲ್ಲಿ ಕೆಂಪು ಬೊಟ್ಟುಗಳು. ‘ಸರ್, ಇದೂ ನಮ್ಮ ಬಾವುಟವೇ!’ ಎಂದು ಕೂಗು ಬಿತ್ತು.

ಪೋಷಕರ ಸಭೆಯಲ್ಲಿ ವಿಷಯ ಹೇಳಿದಾಗ ಒಬ್ಬರು ನೇರವಾಗಿ ಕೇಳಿದರು: ‘ಮೇಷ್ಟ್ರೇ, ಬಂದಳಿಕೆ ಮಾವಿನ ರಸ ಹೀರುತ್ತೆ. ಕಂಡಲ್ಲಿ ಕಡಿದು ಹಾಕಿ ಅಂತ ನಮ್ಮಪ್ಪ ಹೇಳ್ತಿದ್ರು. ನೀವು ನೋಡಿದ್ರೆ ಉಳಿಸಿ ಅಂತೀರಿ.’ ಅವರ ಮಾತು ಸುಳ್ಳಲ್ಲ. ಬದನಿಕೆ ಹಕ್ಕಿ ಅನ್ನುವ ಪುಟ್ಟ ಹಕ್ಕಿ ಬಂದಳಿಕೆಯ ಹಣ್ಣು ತಿಂದು ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಹಚ್ಚಿ ಹೋಗುತ್ತದೆ. ಬಿಟ್ಟರೆ ತೋಟದ ಮರಗಳಿಗೆಲ್ಲ ಹಬ್ಬುತ್ತದೆ. ಹೊಟ್ಟೆಪಾಡಿನ ಮರಕ್ಕೆ ಚಿಟ್ಟೆಯ ಹೆಸರಲ್ಲಿ ಹೊರೆ ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ತೋಟದಲ್ಲಿ ಅವರು ಎಂದಿನಂತೆ ಕಡಿಯಲಿ. ಶಾಲೆಯ ಮರದಲ್ಲಿ ರಸ್ತೆ ಕಡೆಯ ಕೊಂಬೆಯ ಬಂದಳಿಕೆ ಉಳಿಯಲಿ, ಉಳಿದದ್ದನ್ನು ತೆಗೆಯೋಣ. ತೆಗೆಯುವ ಮುಂಚೆ ಎಲೆಯಲ್ಲಿ ಮೊಟ್ಟೆ, ಹುಳು ಇದೆಯೇ ಅಂತ ಮಕ್ಕಳು ನೋಡಬೇಕು.

ಅದಾದ ಮೇಲೆಯೇ ಮತದಾನ. ಚೀಟಿ, ಡಬ್ಬ, ಬೆರಳಿಗೆ ಸ್ಕೆಚ್ ಪೆನ್ನಿನ ಗುರುತು, ಎಲ್ಲ ಇತ್ತು. ಚೀಟಿಯಲ್ಲಿ ಚಿಟ್ಟೆಯ ಚಿತ್ರದ ಪಕ್ಕ ಅದರ ಗಿಡದ ಎಲೆಯನ್ನೂ ಬರೆಸಿದ್ದೆ. ನೀವೂ ಮಾಡುವುದಾದರೆ ಇದನ್ನು ತಪ್ಪಿಸಬೇಡಿ. ಜೆಜೆಬೆಲ್ ಗೆದ್ದಿತು, ಮಾರ್ಮನ್ ಸ್ವಲ್ಪದರಲ್ಲೇ ಹಿಂದೆ ಬಿತ್ತು. ಸೋತವರು ಸುಮ್ನೆ ಕೂರಲಿಲ್ಲ. ಕರಿಬೇವಿನ ಸಸಿ ತಂದು ಬಿಸಿಯೂಟದ ಅಡುಗೆಮನೆ ಹಿಂದೆ ನೆಟ್ಟಿದ್ದಾರೆ. ಹುಳು ತಿಂದುಳಿದ ಸೊಪ್ಪು ಸಾರಿಗೆ ಎಂದು ಅಡುಗೆಯವರೂ ಒಪ್ಪಿದ್ದಾರೆ.