ಕಾಲು ಸೋಲುವುದನ್ನು ಅಳೆದ ಬಗೆ

“ಅಕ್ಕಾರ, ತ್ರಾಣ ಐತ್ರಿ. ಆದ್ರ ಲಗೂನ ಸೋಲ್ತಾವ್ರಿ.”

ಗುಳೇದಗುಡ್ಡದ ನೇಕಾರರೊಬ್ಬರು ಮೊದಲ ಸಲ ನನ್ನ ಹತ್ತಿರ ಬಂದಾಗ ಹೇಳಿದ ಮಾತಿದು. ಖಣ ನೇಯುವ ಮನೆತನದವರು. ವಯಸ್ಸು ಮೂವತ್ತರ ಆಸುಪಾಸು. ಅವರಿಗಿದ್ದದ್ದು ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೋಫಿ. ಸೊಂಟ, ತೊಡೆ, ಭುಜದ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸವೆಯುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆಯಾಗಿ ಖಚಿತವಾಗಿತ್ತು. ಅಪ್ಪ ಅವ್ವ ಸೋದರಮಾವ–ಅತ್ತೆಯ ಮಕ್ಕಳು. ಇಬ್ಬರೂ ಆರೋಗ್ಯವಾಗಿದ್ದಾರೆ. ಆದರೆ ಇಬ್ಬರ ಹತ್ತಿರವೂ ಅದೇ ಕೆಟ್ಟ ಜೀನಿನ ಒಂದೊಂದು ಪ್ರತಿ ಇತ್ತು, ಮಗನಿಗೆ ಎರಡೂ ಬಂದವು. ನಮ್ಮ ಕಡೆ ಸಂಬಂಧದೊಳಗೆ ಮದುವೆ ಜಾಸ್ತಿ, ಅದಕ್ಕೇ ಇಂಥವರನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ನಾನು ಬಾಗಲಕೋಟೆಯ ನವನಗರದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಆವತ್ತು ಅವರನ್ನು ಮಂಚದ ಮೇಲೆ ಕೂರಿಸಿ, ಮೊಳಕಾಲು ಚಾಚಿಸಿ, ಕೈಯಿಂದ ಒತ್ತಿ ನೋಡಿದೆ. ನಾವು ಸೊನ್ನೆಯಿಂದ 5ರವರೆಗೆ ಅಂಕ ಕೊಡುತ್ತೇವೆ. “4” ಅಂತ ಬರೆದೆ. ಒಂದೇ ಸಲ, ಎರಡು ಸೆಕೆಂಡು. ಹತ್ತು ಸಲ ಒತ್ತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೇ ಇಲ್ಲ. ಆ 4 ನೋಡಿ ಬೇರೊಂದು ಕಡೆ ಒಬ್ಬರು ಅವರಿಗೆ “ಶಕ್ತಿ ಚೆನ್ನಾಗೇ ಇದೆಯಲ್ಲ, ಕೆಲಸ ಯಾಕೆ ಬಿಡ್ತೀಯಾ?” ಅಂದರಂತೆ. ಅದನ್ನು ಕೇಳಿ ನನಗೆ ತುಂಬ ನೋವಾಯಿತು. ಆ ಅಂಕ ಬರೆದವಳು ನಾನೇ.

ಅವರ ಮಾತಿನಲ್ಲೇ ಎಲ್ಲಾ ಇತ್ತು. ನಮ್ಮ ಮಾತಿನಲ್ಲಿ ತ್ರಾಣ ಬೇರೆ, ಸೋಲುವುದು ಬೇರೆ, ಸುಸ್ತು ಬೇರೆ, ಬ್ಯಾನಿ ಬೇರೆ. ತ್ರಾಣ ಅಂದರೆ ಈಗ ಎಷ್ಟು ಎತ್ತಬಲ್ಲೆ ಅನ್ನುವುದು. ಕೈ ಸೋತಿತು ಅಂದರೆ ಮೊದಲು ಎತ್ತಿದ್ದನ್ನು ಹತ್ತನೇ ಸಲ ಎತ್ತಲು ಆಗುತ್ತಿಲ್ಲ. ಸುಸ್ತು ಮೈಗೆಲ್ಲ ಆಗುವಂಥದ್ದು. ಅದು ನಿದ್ದೆ ಕೆಟ್ಟರೂ ಬರುತ್ತದೆ, ರಕ್ತ ಕಡಿಮೆಯಿದ್ದರೂ ಬರುತ್ತದೆ. ಬ್ಯಾನಿ ನೋವು. ವೈದ್ಯಕೀಯದಲ್ಲೂ ಮನುಷ್ಯನಿಗೆ ಅನ್ನಿಸುವ ದಣಿವನ್ನು ಮತ್ತು ಕೆಲಸದಲ್ಲಿ ಕಾಣುವ ಇಳಿತವನ್ನು ಬೇರೆ ಬೇರೆ ಅಳೆಯುತ್ತಾರೆ. ನಾನು ಎಲ್ಲವನ್ನೂ ಕಲಸಿಬಿಟ್ಟಿದ್ದೆ. ಈಗ ಯಾರೇ ಬರಲಿ, ಮೊದಲು “ತ್ರಾಣಾ ಇಲ್ಲೋ, ಸೋಲ್ತಾವೋ, ಸುಸ್ತೋ, ಬ್ಯಾನಿಯೋ?” ಅಂತ ಕೇಳುತ್ತೇನೆ. ಅಜ್ಜಿಯರೂ ಸರಿಯಾಗಿ ಬಿಡಿಸಿ ಹೇಳುತ್ತಾರೆ.

ಸುಸ್ತು ಅಂದವರಿಗೆ ಅಳತೆಗಿಂತ ಮೊದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳುತ್ತೇನೆ. ಬೆಳಿಗ್ಗೆ ಎದ್ದಾಗ ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ರಾತ್ರಿ ಉಸಿರಾಟ ಸಾಲುತ್ತಿಲ್ಲದೆ ಇರಬಹುದು. ಅವರನ್ನು ತಡಮಾಡದೆ ಡಾಕ್ಟರ ಹತ್ತಿರ ಕಳಿಸಬೇಕು. ಹೃದಯವನ್ನೂ ನೋಡಿಸಬೇಕು, ಈ ಕಾಯಿಲೆಗಳಲ್ಲಿ ಕೆಲವು ಅದನ್ನೂ ಹಿಡಿಯುತ್ತವೆ.

ಇನ್ನು ನಡಿಗೆ. ಆರು ನಿಮಿಷದ ನಡಿಗೆ ಪರೀಕ್ಷೆಗೆ 30 ಮೀಟರ್ ಉದ್ದದ ಸಮತಟ್ಟಾದ ಜಾಗ ಬೇಕು ಅಂತ 2002ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಡುಷೆನ್ ಅನ್ನುವುದು ಹೆಚ್ಚಾಗಿ ಹುಡುಗರಿಗೇ ಬರುವ ಇನ್ನೊಂದು ಸ್ನಾಯು ಸವೆಯುವ ಕಾಯಿಲೆ; ಆ ಹುಡುಗರಿಗೆ 25 ಮೀಟರ್ ಜಾಗದಲ್ಲಿ ಮಾಡಿಸುತ್ತಾರೆ, ಬಿದ್ದರೆ ಹಿಡಿಯಲು ಹಿಂದೆ ಒಬ್ಬರು ನಡೆಯುತ್ತಾರೆ. ನನ್ನ ಕ್ಲಿನಿಕ್ಕಿನಲ್ಲಿ 9 ಮೀಟರ್ ಕೂಡ ಇಲ್ಲ. ಪಕ್ಕದ ಮಂಗಲ ಕಾರ್ಯಾಲಯದವರು ಮದುವೆ ಇಲ್ಲದ ದಿನ ಪಡಸಾಲೆ ಬಿಟ್ಟುಕೊಟ್ಟರು. 25 ಮೀಟರ್ ಟೇಪ್ ಹಿಡಿದು ಅಳೆದು, ಎರಡೂ ತುದಿಗೆ ಸುಣ್ಣ ಬಳಿದ ಇಟ್ಟಿಗೆ ಇಟ್ಟೆ. ನನ್ನ ತಂಗಿ ಹಿಂದೆ ನಡೆದಳು.

ಮುಖ್ಯವಾದ ಸಂಗತಿ ಇಲ್ಲಿದೆ. ಸಾಮಾನ್ಯವಾಗಿ ಒಟ್ಟು ದೂರವನ್ನಷ್ಟೇ ಬರೆದು ಬಿಡುತ್ತಾರೆ. ನಾನು ಪ್ರತಿ ನಿಮಿಷ ಮುಗಿದಾಗ ಅವರಿದ್ದ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದೆ. 52, 50, 48, 45, 43, 41. ಒಟ್ಟು 279 ಮೀಟರ್. ಒಟ್ಟು ನೋಡಿದರೆ “ನಿಧಾನ ನಡೀತಾರೆ” ಅಷ್ಟೇ ಗೊತ್ತಾಗುತ್ತದೆ. ಮೊದಲ ಮತ್ತು ಕೊನೆಯ ನಿಮಿಷ ಪಕ್ಕಪಕ್ಕ ಇಟ್ಟರೆ ನೂರಕ್ಕೆ 21ರಷ್ಟು ಇಳಿತ. ಅವರು ಹೇಳಿದ “ಲಗೂನ ಸೋಲ್ತಾವ್ರಿ” ಅಲ್ಲಿ ನೆಲದ ಮೇಲೆ ಕಾಣುತ್ತಿತ್ತು. ಅವರೂ ಬಗ್ಗಿ ಆ ಗೆರೆಗಳನ್ನು ನೋಡಿದರು. “ಇದನ್ನ ನೋಡ್ರಿ ನಾ ಹೇಳಾಕತ್ತಿದ್ದು” ಅಂದರು.

ಅಳತೆ ನಂಬುವಂತಿರಬೇಕಾದರೆ ಸುತ್ತಲಿನದ್ದೆಲ್ಲ ಒಂದೇ ಥರ ಇರಬೇಕು. ಅವರು ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಬರುವಷ್ಟರಲ್ಲೇ ತೊಡೆ ಅರ್ಧ ಸೋತಿರುತ್ತಿತ್ತು. ಅದಕ್ಕೆ ಈಗ ಬಂದವರನ್ನು ಮೊದಲು ಅರ್ಧ ಗಂಟೆ ಕೂರಿಸುತ್ತೇನೆ. ಪ್ರತಿ ಸಲವೂ ಬೆಳಿಗ್ಗೆ ಹತ್ತಕ್ಕೇ, ಅದೇ ಚಪ್ಪಲಿ, ಅದೇ ಪಡಸಾಲೆ. ನಡುವೆ ಹೇಳುವ ಹುರುಪಿನ ಮಾತೂ ಅವೇ. ಏಪ್ರಿಲ್, ಮೇ ಬಿಸಿಲಿನ ಅಳತೆಯನ್ನು ಚಳಿಗಾಲದ ಅಳತೆಗೆ ನಾನು ಹೋಲಿಸುವುದಿಲ್ಲ.

ನನ್ನಿಂದ ಒಂದು ದೊಡ್ಡ ತಪ್ಪೂ ಆಯಿತು. ಎರಡನೇ ಭೇಟಿಯಲ್ಲಿ ನಡಿಗೆ ಮುಗಿದ ಮೇಲೆ ಮೆಟ್ಟಿಲು ಹತ್ತಿ ಇಳಿಯುವುದನ್ನೂ ಮಾಡಿಸಿದೆ. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ. ಡಿಸ್ಟ್ರೋಫಿ ಇರುವ ಸ್ನಾಯುವಿಗೆ ಅದೇ ಹೆಚ್ಚು ಪೆಟ್ಟು. ಮುಂದಿನ ಎರಡು ದಿನ ಅವರಿಗೆ ನೆಲದಿಂದ ಏಳಲು ಆಗಲಿಲ್ಲ. ಹೆಂಡತಿ ಫೋನ್ ಮಾಡಿದರು. ನಾನು ಗಾಬರಿಯಲ್ಲಿ ಮೊದಲು ಕೇಳಿದ್ದು ಮೂತ್ರದ ಬಣ್ಣ. ಅದು ಚಹಾದ ಡಿಕಾಕ್ಷನ್ ಥರ ಕಪ್ಪಾಗಿದ್ದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಕುತ್ತು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪುಣ್ಯಕ್ಕೆ ಹಾಗಾಗಿರಲಿಲ್ಲ. ಅಂದಿನಿಂದ ಇಳಿಯುವ ಪರೀಕ್ಷೆ ಬಿಟ್ಟಿದ್ದೇನೆ. ಮರುದಿನ ಮತ್ತು ಅದರ ಮರುದಿನ ಫೋನ್ ಮಾಡಿ “ಹತ್ತರಾಗ ಎಷ್ಟು ಸೋತಾವ?” ಅಂತ ಕೇಳಿ ಬರೆದುಕೊಳ್ಳುತ್ತೇನೆ. ಚೇತರಿಸಿಕೊಳ್ಳಲು ಎಷ್ಟು ಹೊತ್ತು ಬೇಕು ಅನ್ನುವುದೂ ದಣಿವಿನ ಅಳತೆಯೇ ಅಲ್ವಾ?

ಕೈಗೆ ಒಂದು ಅಗ್ಗದ ದಾರಿ ಇದೆ. ಬಿಪಿ ನೋಡುವ ಪಟ್ಟಿಯನ್ನು ಸುರುಳಿ ಸುತ್ತಿ, ಬಿಪಿ ಮಾಪಕ 20 ತೋರಿಸುವಷ್ಟು ಗಾಳಿ ತುಂಬಿ ಹಿಡಿಸುತ್ತೇನೆ. ಹದಿನೈದು ಸಲ ಹಿಸುಕಿಸಿ, ಪ್ರತಿ ಸಲ ಮಾಪಕ ಎಷ್ಟಕ್ಕೆ ಏರಿತು ನೋಡುತ್ತೇನೆ. ಮೊದಲ ಮೂರರ ಸರಾಸರಿ, ಕೊನೆಯ ಮೂರರ ಸರಾಸರಿ ಬರೆಯುತ್ತೇನೆ. ಬೇರೆ ಆಸ್ಪತ್ರೆಯ ಅಳತೆಗೆ ಇದನ್ನು ಹೋಲಿಸಬಾರದು, ಅದೇ ಮನುಷ್ಯನ ಹಿಂದಿನ ಅಳತೆಗೆ ಮಾತ್ರ.

ಜಮಖಂಡಿ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಎಸ್‌ಎಂಎ ಎರಡನೇ ಬಗೆ, ಅಂದರೆ ಬೆನ್ನುಹುರಿಯ ನರಕೋಶ ಕೆಟ್ಟು ಸ್ನಾಯು ಸೊರಗುವ ಕಾಯಿಲೆ. ನಡೆದೇ ಇಲ್ಲ, ಗಾಲಿಕುರ್ಚಿಯಲ್ಲೇ ಶಾಲೆ. ಅವಳಿಗೆ ನಡಿಗೆ ಪರೀಕ್ಷೆ ಹೇಗೆ? ಒಂಬತ್ತು ರಂಧ್ರದ ಹಲಗೆಗೆ ಕಡ್ಡಿ ಹಾಕಿ ತೆಗೆಯುವ ಪರೀಕ್ಷೆಯೊಂದಿದೆ. ಅದನ್ನು ಬಿಡುವಿಲ್ಲದೆ ಐದು ಸಲ ಮಾಡಿಸಿದೆ. ಮೊದಲ ಸಲ 31 ಸೆಕೆಂಡು, ಐದನೇ ಸಲ 44. ಅವಳ ಅವ್ವ ಅದನ್ನು ಹಿಡಿದು ಶಾಲೆಗೆ ಹೋದರು. ಪರೀಕ್ಷೆ ಬರೆಯುವ ಅಂಗವಿಕಲರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯ ಕೊಡಬೇಕು ಅಂತ 2018ರಲ್ಲಿ ಕೇಂದ್ರದ ಮಾರ್ಗಸೂಚಿ ಬಂದಿತ್ತು. ಬರೀ ಸಮಯ ಸಾಲದು, ಸೋಲುವ ಕೈಗೆ ನಡುವೆ ಬಿಡುವೂ ಬೇಕು ಅನ್ನುವುದನ್ನು ಮಾಸ್ತರರಿಗೆ ಆ ಐದು ಅಂಕಿಗಳೇ ತಿಳಿಸಿದವು.

ಎಲ್ಲರೂ ಕೊನೆಗೆ ಸೋಲುವುದೂ ಇಲ್ಲ. ಮೆಕಾರ್ಡಲ್ ಅಂದರೆ ಸ್ನಾಯು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಳಸಲಾಗದ ಕಾಯಿಲೆ; ಅದು ಇರುವವರು ಮೊದಲ ಎಂಟು ಹತ್ತು ನಿಮಿಷ ಒದ್ದಾಡಿ ಆಮೇಲೆ ಹಗುರಾಗುತ್ತಾರೆ. ಅವರನ್ನು ಆರು ನಿಮಿಷಕ್ಕೆ ನಿಲ್ಲಿಸಿದರೆ ನೀವು ನೋಡುವುದು ಕಷ್ಟದ ಭಾಗವನ್ನಷ್ಟೇ.

ಮತ್ತೆ ನೇಕಾರರ ಹತ್ತಿರ ಬರುತ್ತೇನೆ. ಪಡಸಾಲೆಯ ಆರು ನಿಮಿಷ ಅವರ ದಿನವಲ್ಲ, ಅವರ ದಿನ ಕುಣಿಮಗ್ಗದಲ್ಲಿ, ಅಂದರೆ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದಲ್ಲಿ. ಕುಣಿಯಿಂದ ಏಳುವುದು ಎಷ್ಟು ಕಷ್ಟವಾಗಿತ್ತೆಂದರೆ, ಮೂತ್ರಕ್ಕೆ ಏಳಬೇಕಾಗುತ್ತದೆ ಅಂತ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಇದು ನಾನು ಮನೆಗೆ ಹೋದಾಗ ಗೊತ್ತಾಗಿದ್ದು. ಕ್ಲಿನಿಕ್ಕಿನಲ್ಲಿ ಯಾರೂ ಇದನ್ನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಅಲ್ಲಿ ಹೇಗೆ ಅಳೆಯುವುದು ಅಂತ ನಾನು ನಿಂತು ನೋಡುತ್ತಿದ್ದೆ. ದಾರಿ ಹೇಳಿದವರು ಅವರೇ. “ಅರ್ಧಾ ತಾಸಿಗೊಮ್ಮೆ ಅಂಚಿಗೆ ಒಂದು ಬಣ್ಣದ ದಾರ ಕಟ್ತೀನ್ರಿ. ಮಾರೂ ಮುಂದ ಬಿಚ್ಚಿದ್ರಾತು.” ಹಾಗೇ ಮಾಡಿದರು. ಸಂಜೆ ಬಟ್ಟೆಯನ್ನು ಟೇಪಿನಿಂದ ಅಳೆದೆವು. ಮೊದಲ ಎರಡು ದಾರಗಳ ನಡುವೆ ಒಂದು ಗೇಣು, 22 ಸೆಂಟಿಮೀಟರ್. ನಾಲ್ಕನೇ ತಾಸಿಗೆ 13. ಅವರ ದಣಿವು ಬಟ್ಟೆಯಲ್ಲೇ ನೇಯ್ದು ಬಂದಿತ್ತು.

ಆಮೇಲೆ ಪ್ರತಿ ತಾಸಿಗೆ ಹತ್ತು ನಿಮಿಷ ಬಿಡುವು ಮಾಡಿಸಿದೆವು. ಸೋತ ಮೇಲೆ ಅಲ್ಲ, ಸೋಲುವ ಮುಂಚೆ. ಕೂರಲು ದಪ್ಪ ದಿಂಬು, ಏಳುವಾಗ ಹಿಡಿಯಲು ತೊಲೆಗೆ ಒಂದು ಹಗ್ಗ, ಪಕ್ಕದಲ್ಲಿ ನೀರಿನ ತಂಬಿಗೆ. ದಾರಗಳ ಅಂತರ ಸುಮಾರು ಸಮ ಆಯಿತು. ಒಟ್ಟು ಬಟ್ಟೆ ಕಡಿಮೆಯಾಗಲಿಲ್ಲ, ಒಂದೆರಡು ದಿನ ಜಾಸ್ತಿಯೇ ಬಂತು. ವಾರದಲ್ಲಿ ಒಂದು ದಿನ ಪೂರ್ತಿ ಮಲಗುತ್ತಿದ್ದವರು ಅದನ್ನು ಬಿಟ್ಟರು.

ಕಾಯಿಲೆ ನಿಂತಿಲ್ಲ. ಈ ವರ್ಷ ದಾರಗಳು ಮತ್ತೆ ಹತ್ತಿರವಾಗುತ್ತಿವೆ, ಪಡಸಾಲೆಯ ಗೆರೆಗಳೂ ಹಾಗೇ ಹೇಳುತ್ತಿವೆ. ಕುಣಿ ಬಿಟ್ಟು ನೆಲದ ಮೇಲೆ ಎತ್ತರಕ್ಕೆ ಕೂರಿಸುವ ಮಗ್ಗಕ್ಕೆ ಬಡಗಿಯನ್ನು ಕರೆದು ಅಳತೆ ಕೊಟ್ಟಿದ್ದೇವೆ. ದೀಪಾವಳಿಗೆ ಮುಂಚೆ ಕೂರಿಸಬೇಕು. ಕೂರಿಸಿದ ದಿನವೇ ಮೊದಲ ದಾರ ಕಟ್ಟುತ್ತೇನೆ ಅಂದಿದ್ದಾರೆ.