ಅತ್ತೆ, ನಾದಿನಿ, ಒಂದು ಪ್ಲಾಸ್ಟಿಕ್ ಫೈಲು: ಮನಿಲಾದಿಂದ ಮಾಲ್ಡೀವ್ಸ್‌ಗೆ

ನಾನು ಹಾಸನದ ಕಡೆಯವನು. ಕೆಲಸಕ್ಕೆ ಅಂತ ಫಿಲಿಪೀನ್ಸ್‌ನ ಮನಿಲಾಕ್ಕೆ ಬಂದವನು ಇಲ್ಲೇ ಮದುವೆಯಾಗಿ ಉಳಿದುಬಿಟ್ಟೆ. ಹೆಂಡತಿ ಇಲೊಯಿಲೊ ಊರಿನವಳು. ನನ್ನದು ನೀಲಿ ಪಾಸ್‌ಪೋರ್ಟ್, ಅವಳದು ಕೆಂಗಂದು ಬಣ್ಣದ್ದು. ಎಲ್ಲಿಗೆ ಹೊರಡೋಣ ಅಂದರೂ ನಮ್ಮ ಮನೆಯಲ್ಲಿ ಮೊದಲು ನಡೆಯೋದು ಈ ಎರಡು ಬಣ್ಣದ ಲೆಕ್ಕ. ಬಾಲಿ ಅಂದರೆ ಅವಳಿಗೆ 30 ದಿನ ವೀಸಾನೇ ಬೇಡ, ನನಗೆ 5 ಲಕ್ಷ ಇಂಡೋನೇಷ್ಯಾ ರೂಪಾಯಿ ಶುಲ್ಕ. ಸಿಂಗಪುರ ಅಂದರೆ ಅವಳು ಹಾಗೇ ಇಳಿದು ನಡೆಯಬಹುದು, ನಾನು ಮೊದಲೇ ವೀಸಾ ಮಾಡಿಸಬೇಕು. ಮಾಲ್ಡೀವ್ಸ್‌ಗೆ ಮಾತ್ರ ಈ ತಕರಾರಿಲ್ಲ. ಹೆಚ್ಚುಕಡಿಮೆ ಎಲ್ಲ ದೇಶದವರಿಗೂ ಇಳಿದ ಮೇಲೆ ಪುಕ್ಕಟೆ ವೀಸಾ. ಅವಳಿಗೆ 30 ದಿನ, ಭಾರತದವನಾದ ನನಗೆ 90.

2025ರ ಫೆಬ್ರವರಿ ಮೊದಲ ವಾರಕ್ಕೆ ದಿನ ಗೊತ್ತು ಮಾಡಿದೆವು. ಅದಕ್ಕೆ ಮೂರು ಕಾರಣ. ಡಿಸೆಂಬರ್‌ನಲ್ಲಿ 13ನೇ ತಿಂಗಳ ಸಂಬಳ, ಅಂದರೆ ಒಂದು ತಿಂಗಳ ಹೆಚ್ಚುವರಿ ಸಂಬಳ ಬರುತ್ತದೆ. ಇಲ್ಲಿ ಅದನ್ನು ಡಿಸೆಂಬರ್ 24ರೊಳಗೆ ಕೊಡಲೇಬೇಕು ಅಂತ ಕಾನೂನಿದೆ. ಇನ್ನು ಮಾಲ್ಡೀವ್ಸ್‌ನಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಆಮೇಲೆ ಆ ವರ್ಷ ಮಾರ್ಚ್ ಶುರುವಿಗೇ ರಂಜಾನ್ ಇತ್ತು. ರೆಸಾರ್ಟ್‌ಗೆ ಹೋಗುವವರಿಗೆ ಅದರಿಂದ ಏನೂ ಆಗಲ್ಲ. ನಾವು ಉಳಿಯೋದು ಊರಿರುವ ದ್ವೀಪದಲ್ಲಿ. ಅಲ್ಲಿ ಆ ತಿಂಗಳು ಹಗಲು ಹೊತ್ತು ಬಹಳಷ್ಟು ಊಟದ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ಹೊರಟವರು ನಾಲ್ಕು ಜನ: ನಾನು, ಹೆಂಡತಿ, ಅತ್ತೆ, ನಾದಿನಿ. ಭಾಮೈದನ 11 ವರ್ಷದ ಮಗನೂ ಬರ್ತೀನಿ ಅಂತ ಕೂತಿದ್ದ. ಅಪ್ಪ ಅಮ್ಮ ಜೊತೆಯಲ್ಲಿ ಇಲ್ಲದೆ 18ರ ಒಳಗಿನ ಮಕ್ಕಳು ದೇಶ ಬಿಡಬೇಕಾದರೆ ಸಮಾಜ ಕಲ್ಯಾಣ ಇಲಾಖೆಯ ಅನುಮತಿ ಪತ್ರ ಬೇಕು. ಅಜ್ಜಿ ಇದ್ದಾರೆ, ಸೋದರತ್ತೆಯರು ಇದ್ದಾರೆ ಅಂದರೆ ಸಾಲದು. ನಾವು ಎಚ್ಚೆತ್ತುಕೊಂಡಿದ್ದು ತಡವಾಗಿ. ಅವನ ಮುನಿಸು ಇನ್ನೂ ಇಳಿದಿಲ್ಲ.

ಮಾಲ್ಡೀವ್ಸ್ ಕೇಳೋದು ಬಹಳ ಕಡಿಮೆ. ಒಂದು ತಿಂಗಳಾದರೂ ಅವಧಿ ಉಳಿದಿರುವ ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ದುಡ್ಡು. ಜೊತೆಗೆ ಐಮುಗಾ ಅಂತ ಒಂದು ಆನ್‌ಲೈನ್ ಫಾರಂ. ಇಳಿಯುವ ಮುಂಚಿನ 96 ಗಂಟೆಯೊಳಗೆ ತುಂಬಬೇಕು, ವಾಪಸ್ ಹೊರಡುವಾಗ ಮತ್ತೊಂದು ಸಲ. ಇದಕ್ಕೆ ದುಡ್ಡಿಲ್ಲ. ಅದೇ ಥರ ಕಾಣುವ, ದುಡ್ಡು ಕೇಳುವ ಬೇರೆ ಜಾಲತಾಣಗಳಿವೆ. ಹೆಂಡತಿ ಅಂಥದ್ದೊಂದರಲ್ಲಿ ಕಾರ್ಡ್ ನಂಬರ್ ಹಾಕೋಕೆ ಹೊರಟಿದ್ದಳು, ಕೊನೇ ಗಳಿಗೆಯಲ್ಲಿ ತಡೆದೆ.

ಅಷ್ಟೇ ಅಲ್ವಾ, ಇನ್ನೇನು ಕಷ್ಟ? ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಫಿಲಿಪಿನೋಗಳ ಚಿಂತೆ ಆ ಕಡೆಯ ವೀಸಾದ್ದಲ್ಲ, ಈ ಕಡೆಯಿಂದ ಹೊರಡೋದರದ್ದು. ಇಲ್ಲಿನವರು ಅದಕ್ಕೆ ‘ಆಫ್‌ಲೋಡ್’ ಅಂತಾರೆ. ಟಿಕೆಟ್ ಇದೆ, ಲಗೇಜು ಒಳಗೆ ಹೋಗಿದೆ, ಇಮಿಗ್ರೇಷನ್‌ನಲ್ಲಿ ಮಾತ್ರ ಬಿಡಲಿಲ್ಲ ಅಂದರೆ ಆಫ್‌ಲೋಡ್ ಆದ ಹಾಗೆ. 2022ರಲ್ಲಿ ಹೀಗೆ 32,404 ಜನರನ್ನು ನಿಲ್ಲಿಸಿದ್ದರು. ಅವರಲ್ಲಿ ಮಾನವ ಕಳ್ಳಸಾಗಣೆಗೋ ಅಕ್ರಮ ನೇಮಕಾತಿಗೋ ಬಲಿಯಾಗಿದ್ದವರು ಅಂತ ಗೊತ್ತಾಗಿದ್ದು 472 ಜನ. ಇಸ್ರೇಲ್‌ಗೆ ಹೊರಟಿದ್ದ ಹುಡುಗಿಯೊಬ್ಬಳನ್ನು ಕಾಲೇಜಿನ ಇಯರ್‌ಬುಕ್ ಇದೆಯಾ ಅಂತ ಕೇಳಿದ್ದು 2023ರಲ್ಲಿ ದೊಡ್ಡ ಸುದ್ದಿಯಾಗಿತ್ತು. ತಪಾಸಣೆಗೆ ಕಾರಣ ಇಲ್ಲ ಅಂತಲ್ಲ. ಪ್ರವಾಸಿ ಅಂತ ಹೇಳಿ ಹೋಗಿ ಕೆಲಸಕ್ಕೆ ಸೇರಿ, ದಲ್ಲಾಳಿ ಕೈಗೆ ಸಿಕ್ಕಿ ಒದ್ದಾಡಿದವರ ಕಥೆ ಇಲ್ಲಿ ಪ್ರತಿ ಬೀದಿಯಲ್ಲೂ ಇದೆ. ಮಾಲ್ಡೀವ್ಸ್ ರೆಸಾರ್ಟ್‌ಗಳಲ್ಲಿ ದುಡಿಯುವ ಫಿಲಿಪಿನೋಗಳೂ ಬೇಕಾದಷ್ಟು ಜನ. ಹಾಗಾಗಿ ಆ ಹೆಸರು ಕೇಳಿದರೆ ಇನ್ನೊಂದು ಪ್ರಶ್ನೆ ಜಾಸ್ತಿ ಬರುತ್ತದೆ.

ನಮ್ಮಲ್ಲಿ ಆ ಭಯ ಇದ್ದದ್ದು ನಾದಿನಿಗೆ. ವಯಸ್ಸು 26, ಮದುವೆಯಾಗಿಲ್ಲ, ಮೊದಲ ವಿದೇಶ ಪ್ರಯಾಣ. ಕೆಲಸ ಅಂದರೆ ಫೋನಿನಲ್ಲಿ ಲೈವ್ ಬಂದು ಬಟ್ಟೆ ಮಾರೋದು. ಟಿಕೆಟ್ ಕೊಡಿಸಿದ್ದು ನಾವು. ಕಂಪನಿ ಇದ್ದಿದ್ದರೆ ರಜೆ ಪತ್ರ, ಕೆಲಸದ ಪ್ರಮಾಣಪತ್ರ ತೋರಿಸಬಹುದಿತ್ತು. ಇವಳಿಗೆ ರಜೆ ಕೊಡುವವರು ಯಾರು? ಒಂದು ಸಂಜೆ ಕೂತು ಪ್ಲಾಸ್ಟಿಕ್ ಫೈಲ್ ಒಂದನ್ನು ಜೋಡಿಸಿದೆವು. ವ್ಯಾಪಾರದ ಹೆಸರು ನೋಂದಾಯಿಸಿದ ಪತ್ರ, ತೆರಿಗೆ ಇಲಾಖೆಯ ನೋಂದಣಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಅಕ್ಕ ತಂಗಿ ಅಂತ ತೋರಿಸೋಕೆ ಇಬ್ಬರದೂ ಜನನ ಪತ್ರ. ಇಲ್ಲಿ ಎಲ್ಲರೂ ಅದನ್ನು ಪಿಎಸ್‌ಎ ಅಂತಲೇ ಕರೆಯುತ್ತಾರೆ, ಅಂಕಿಅಂಶ ಇಲಾಖೆಯ ಹೆಸರದು. ನಾನು ಆ ಮನೆಯ ಅಳಿಯ ಅಂತ ತೋರಿಸೋಕೆ ನಮ್ಮ ಮದುವೆ ಪತ್ರ. ಗೆಸ್ಟ್‌ಹೌಸ್‌ಗೆ ಬರೆದು ಬುಕಿಂಗ್‌ನಲ್ಲಿ ನಾಲ್ಕೂ ಹೆಸರು ಹಾಕಿಸಿದೆ. ಒಬ್ಬರ ಹೆಸರಲ್ಲಿ ಎರಡು ರೂಮು ಅಂತ ಇದ್ದರೆ ಉಳಿದವರು ಎಲ್ಲಿರ್ತೀರಿ ಅಂತ ಕೇಳಿದಾಗ ತೋರಿಸೋಕೆ ಏನೂ ಇರಲ್ಲ.

ಎಡವಿದ್ದು ನಾನೇ, ಟಿಕೆಟ್ ಹೆಸರಿನಲ್ಲಿ. ನಮ್ಮ ಕಡೆ ಇನಿಷಿಯಲ್ ತಲೆನೋವು ಇದ್ದ ಹಾಗೆ ಇವರಲ್ಲಿ ಮಿಡಲ್ ನೇಮ್. ಅದು ಅಮ್ಮನ ತವರಿನ ಮನೆತನದ ಹೆಸರು. ನಾನು ಅದನ್ನೇ ನಾದಿನಿಯ ಕೊನೇ ಹೆಸರು ಅಂದುಕೊಂಡು ಹಾಕಿಬಿಟ್ಟಿದ್ದೆ. ಸರಿಪಡಿಸೋಕೆ ಶುಲ್ಕ ಕಟ್ಟಬೇಕಾಯಿತು. ಅವಳು ನನ್ನನ್ನು ‘ಕೂಯಾ’ ಅಂತ ಕರೆಯುತ್ತಾಳೆ, ಅಣ್ಣ ಅಂತ ಅರ್ಥ. ಆ ದಿನ ಆ ‘ಕೂಯಾ’ ಸ್ವಲ್ಪ ಉದ್ದವಾಗಿಯೇ ಬಂತು.

ಅತ್ತೆಯ ಪಾಸ್‌ಪೋರ್ಟ್‌ನಲ್ಲಿ ನಾಲ್ಕು ತಿಂಗಳಷ್ಟೇ ಉಳಿದಿತ್ತು. ಮಾಲ್ಡೀವ್ಸ್‌ಗೆ ಅದು ಸಾಕು. ಆದರೆ ಮನಿಲಾದಲ್ಲಿ ಎಲ್ಲರೂ ಆರು ತಿಂಗಳ ಲೆಕ್ಕ ಹಿಡಿಯುತ್ತಾರೆ. ವಾದ ಮಾಡೋದಕ್ಕಿಂತ ಹೊಸದು ಮಾಡಿಸೋದೇ ಮೇಲು ಅನ್ನಿಸಿತು. ಹಿರಿಯರಿಗೆ ಅಪಾಯಿಂಟ್‌ಮೆಂಟ್ ಬೇಡ, ಬೇರೆ ಸಾಲೇ ಇದೆ. 66ರ ವಯಸ್ಸಿನಲ್ಲಿ 10 ವರ್ಷದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಅತ್ತೆ ಇನ್ನೂ ಯಾವ್ಯಾವ ದೇಶ ಇದೆ ಅಂತ ಕೇಳೋಕೆ ಶುರು ಮಾಡಿದರು.

ಅವರ ಚೀಲ ಖಾಲಿ ಮಾಡಿಸಿದ್ದು ಇನ್ನೊಂದು ಕಥೆ. ಮಾಲ್ಡೀವ್ಸ್‌ಗೆ ಹಂದಿ ಮಾಂಸ, ಮದ್ಯ, ಪೂಜೆಯ ವಿಗ್ರಹ ಯಾವುದನ್ನೂ ತರುವ ಹಾಗಿಲ್ಲ. ಅತ್ತೆಯ ಚೀಲದಲ್ಲಿ ಹಂದಿ ಚರ್ಮದ ಚಿಚರೋನ್ ಎರಡು ಪೊಟ್ಟಣ. ಅದನ್ನು ತೆಗೆಸಿದ್ದಕ್ಕೆ ಗೊಣಗಲಿಲ್ಲ, ಒಣಗಿಸಿದ ಮಾವಿನಹಣ್ಣು ಇಟ್ಟುಕೊಂಡರು. ಬಟ್ಟೆ ಸುತ್ತಿಟ್ಟ ಅಂಗೈಯಗಲದ ಸಾಂತೊ ನಿನ್ಯೊ, ಅಂದರೆ ಬಾಲ ಯೇಸುವಿನ ವಿಗ್ರಹವೂ ಇತ್ತು. ಅದನ್ನು ಬಿಟ್ಟು ಬನ್ನಿ ಅನ್ನೋದು ಹೇಗೆ? ಇಲೊಯಿಲೊದಲ್ಲಿ ಪ್ರತಿ ಜನವರಿ ಆ ದೇವರಿಗೇ ದಿನಾಗ್ಯಾಂಗ್ ಹಬ್ಬ. ಅದು ಮುಗಿದು ಎರಡು ವಾರವೂ ಆಗಿರಲಿಲ್ಲ. ನಮ್ಮಮ್ಮನೂ ಪುಟ್ಟ ಗಣಪತಿ ಇಲ್ಲದೆ ಬಸ್ ಹತ್ತುವವರಲ್ಲ, ಆ ಸಂಕಟ ನನಗೆ ಗೊತ್ತು. ಕೊನೆಗೆ ಹೆಂಡತಿ ಹೇಳಿದಳು, “ಅಮ್ಮಾ, ಮನೆ ಕಾಯೋಕೆ ಯಾರಾದರೂ ಬೇಕಲ್ವಾ?” ಅತ್ತೆ ವಿಗ್ರಹವನ್ನು ನಮ್ಮ ಫ್ರಿಜ್ ಮೇಲೆ ಇಟ್ಟು, ದೀಪದ ಹಾಗೆ ಒಂದು ಸಣ್ಣ ಬಲ್ಬ್ ಹಚ್ಚಿಸಿ ಬಂದರು.

ಹೊರಡುವ 72 ಗಂಟೆಯೊಳಗೆ ಫಿಲಿಪೀನ್ಸ್ ಸರ್ಕಾರದ ಇ-ಟ್ರಾವೆಲ್ ನೋಂದಣಿ, ಅದೂ ಪುಕ್ಕಟೆ. ಟ್ರಾವೆಲ್ ಟ್ಯಾಕ್ಸ್ ಪುಕ್ಕಟೆಯಾಗಿರಲಿಲ್ಲ, ಆಗ ತಲೆಗೆ 1,620 ಪೆಸೊ. ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿ ಇರುವ ವಿದೇಶಿಯರೂ ಕಟ್ಟಬೇಕಿತ್ತು, ಹಾಗಾಗಿ ನನಗೂ ಬಿತ್ತು. ಮನಿಲಾದಿಂದ ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ನೇರ ವಿಮಾನ ಇರಲಿಲ್ಲ, ಸಿಂಗಪುರದಲ್ಲಿ ವಿಮಾನ ಬದಲಿಸಬೇಕಿತ್ತು. ಬೇರೆ ಬೇರೆ ಟಿಕೆಟ್ ತಗೊಂಡು ಅಗ್ಗಕ್ಕೆ ಹೋಗಬಹುದಿತ್ತು. ಆದರೆ ಹಾಗೆ ಮಾಡಿ ಸಿಂಗಪುರದಲ್ಲಿ ಲಗೇಜು ತಗೊಳ್ಳೋಕೆ ಹೊರಗೆ ಬರಬೇಕಾದರೆ ನನಗೆ ವೀಸಾ ಬೇಕಲ್ಲ, ಅದಕ್ಕೆ ಒಂದೇ ಟಿಕೆಟ್ ಮಾಡಿಸಿದೆ.

ಹೊರಡುವ ದಿನ ನಾಲ್ಕು ಗಂಟೆ ಮುಂಚೆ ಹೋದೆವು. ನಾದಿನಿಗೆ ಹೇಳಿದ್ದು ಇಷ್ಟೇ: ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಸುಮ್ನೆ ಫೈಲ್ ಬಿಚ್ಚಬೇಡ, ದುಡ್ಡು ನಾವು ಕೊಟ್ಟಿದ್ದು ಅಂತಲೇ ಹೇಳು. ಅವಳ ಕೈ ಬೆವೆತು ಪಾಸ್‌ಪೋರ್ಟ್ ಅಂಚು ಒದ್ದೆಯಾಗಿತ್ತು. ನಿರೀಕ್ಷಿಸಿದ ಹಾಗೆ ಅವಳನ್ನು ಪಕ್ಕದ ಎರಡನೇ ತಪಾಸಣೆಗೆ ಕಳಿಸಿದರು. ಅಲ್ಲಿದ್ದ ಅಧಿಕಾರಿ ಮೆದುವಾಗಿಯೇ ಮಾತಾಡಿಸಿದರಂತೆ. ಜನನ ಪತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ತಾಯಿಯ ಹೆಸರು ನೋಡಿದರು. ಬಟ್ಟೆ ವ್ಯಾಪಾರದ ಪೇಜ್ ತೋರಿಸು ಅಂದರು. ಇವಳು ತೋರಿಸಿದಳು. ಒಂದು ಲಂಗದ ಬೆಲೆ ಎಷ್ಟು ಅಂತಲೂ ಕೇಳಿದರಂತೆ, ಅದು ತಪಾಸಣೆಯೋ ವ್ಯಾಪಾರವೋ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಇಪ್ಪತ್ತು ನಿಮಿಷದ ಮೇಲೆ ಠಸ್ಸೆ ಬಿತ್ತು. ಅಷ್ಟು ಹೊತ್ತು ಅತ್ತೆ ಕುರ್ಚಿಯಲ್ಲಿ ಕೂತು ಜಪಸರ ಎಣಿಸುತ್ತಿದ್ದರು.

ಮಾಲೆಯಲ್ಲಿ ನಾಲ್ಕು ಜನಕ್ಕೂ ಸೇರಿ ಹತ್ತು ನಿಮಿಷ ಹಿಡಿಯಲಿಲ್ಲ. ಐಮುಗಾ ಫಾರಂನ ಕ್ಯೂಆರ್ ತೋರಿಸಿದೆವು, ಎಲ್ಲಿ ಉಳಿಯುತ್ತೀರಿ ಅಂದರು, ಮಾಫುಶಿ ದ್ವೀಪ ಅಂದೆವು, ಮುಗಿಯಿತು. ವಿಮಾನ ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ದೋಣಿ ಕಟ್ಟೆ. ಅಲ್ಲಿಂದ ಸ್ಪೀಡ್‌ಬೋಟ್‌ನಲ್ಲಿ ಮುಕ್ಕಾಲು ಗಂಟೆ, ತಲೆಗೆ 25 ಡಾಲರ್. ಸರ್ಕಾರಿ ಫೆರಿ ಅಗ್ಗ, ಆದರೆ ಆಗ ಶುಕ್ರವಾರ ಓಡುತ್ತಿರಲಿಲ್ಲ. ನಾವು ಇಳಿದದ್ದು ಶುಕ್ರವಾರ. ಗೆಸ್ಟ್‌ಹೌಸ್ ಬಿಲ್ಲಿನಲ್ಲಿ ಗ್ರೀನ್ ಟ್ಯಾಕ್ಸ್ ಬೇರೆ ಇರುತ್ತದೆ. ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ ಒಬ್ಬರಿಗೆ ದಿನಕ್ಕೆ 6 ಡಾಲರ್, ರೆಸಾರ್ಟ್‌ನಲ್ಲಿ 12. ಬುಕಿಂಗ್ ಬೆಲೆ ನೋಡುವಾಗ ಇದು ಸೇರಿದೆಯಾ ಅಂತ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ.

ಬೆಳಿಗ್ಗೆ ತಿಂಡಿಗೆ ಮಾಸ್ ಹುನಿ ಕೊಡುತ್ತಿದ್ದರು. ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿ ಚಪಾತಿ ಥರದ ರೋಶಿ ಜೊತೆ. ನನಗೆ ಊರಿನ ನೆನಪಾಯಿತು. ಅತ್ತೆ ಮಾತ್ರ ಮೂರನೇ ದಿನ ಅಡುಗೆಮನೆಗೇ ಹೋಗಿ, ಅನ್ನ ಇಲ್ಲದ ತಿಂಡಿ ತಿಂಡಿಯೇ ಅಲ್ಲ ಅಂತ ಕೈಸನ್ನೆಯಲ್ಲಿ ಹೇಳಿ ಬಂದರು. ಮರುದಿನದಿಂದ ಅವರ ತಟ್ಟೆಯಲ್ಲಿ ಅನ್ನ.

ಆ ಪ್ಲಾಸ್ಟಿಕ್ ಫೈಲ್ ಈಗ ನಮ್ಮ ಮನೆಯಲ್ಲಿಲ್ಲ. ಇಲೊಯಿಲೊದಲ್ಲಿ ಅತ್ತೆಯ ಪಕ್ಕದ ಮನೆ ಹುಡುಗಿ ಹಾಂಗ್‌ಕಾಂಗ್‌ಗೆ ಹೊರಟಿದ್ದಳು, ಮಾದರಿಗೆ ಇರಲಿ ಅಂತ ನಾದಿನಿ ಕೊಟ್ಟಳು. ಅವಳಿಂದ ಅವಳ ಗೆಳತಿಗೆ ಹೋಗಿದೆಯಂತೆ. ನಮ್ಮ ಮದುವೆ ಪತ್ರವೂ ಅದರಲ್ಲೇ ಇದೆ.